ಕಾರ್ಡ್ ಹಾಕದೆ ತೆಗೆದ ಹೋರಿಯ ಫೋಟೊ

ನಮ್ಮ ಓಣಿಯಲ್ಲಿ ಯಾರಾದರೂ ದೆವ್ವದ ಮಾತು ತೆಗೆದರೆ ಅದನ್ನು ಕೆಡಿಸುವ ಕೆಲಸ ನನ್ನದಾಗಿತ್ತು. 'ಆ ದೆವ್ವಕ್ಕ ರೇಷನ್ ಕಾರ್ಡ್ ಐತೇನ್ರಿ?' ಎಂದು ನಡುವೆ ಬಾಯಿ ಹಾಕುತ್ತಿದ್ದೆ. ಹೇಳುತ್ತಿದ್ದವರ ಮುಖ ಸಪ್ಪಗಾಗುತ್ತಿತ್ತು, ಕೇಳುತ್ತಿದ್ದವರು ನಗುತ್ತಿದ್ದರು, ನಾನು ಒಂದು ಚಹಾ ಗಿಟ್ಟಿಸಿಕೊಂಡು ಏಳುತ್ತಿದ್ದೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಗುವುದಾದರೆ ನಕ್ಕುಬಿಡಿ. ಅದಕ್ಕೆ ಬೇಕಾದ ಸಾಮಾನೆಲ್ಲ ನಾನೇ ಕೊಡುತ್ತೇನೆ, ಏಕೆಂದರೆ ಆ ದಿನ ನಾನು ಮಾಡಿದ ದಡ್ಡತನಗಳನ್ನು ಬಿಟ್ಟು ಈ ಸಂಗತಿ ಹೇಳಲು ಬರುವುದಿಲ್ಲ. ದೆವ್ವ ಇದರಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ದಡ್ಡ ಮಾತ್ರ ಖಂಡಿತ ಇದ್ದಾನೆ.

ನಮ್ಮದು ಬ್ಯಾಡಗಿ. ಓದು ಮುಗಿಸಿದ ಹೊಸದರಲ್ಲಿ ರಾಣೇಬೆನ್ನೂರಿನಲ್ಲಿ ಅಂಗಡಿ ಮುಚ್ಚುತ್ತಿದ್ದ ಒಂದು ಸ್ಟುಡಿಯೋದವರಿಂದ ಹಳೆಯ ಕ್ಯಾಮೆರಾ ಒಂದನ್ನು ಕೊಂಡಿದ್ದೆ. ಎರಡು ವರ್ಷ ಮದುವೆ, ಸೀಮಂತ, ಗೃಹಪ್ರವೇಶ ಎಂದು ಕುತ್ತಿಗೆಗೆ ಹಾಕಿಕೊಂಡು ತಿರುಗಿದೆ. ಆಮೇಲೆ ಮದುಮಕ್ಕಳ ಕೈಯಲ್ಲೇ ನನ್ನ ಕ್ಯಾಮೆರಾಕ್ಕಿಂತ ದುಬಾರಿ ಫೋನ್ ಬಂತು. ನಾನೂ ಒಂದು ಒಳ್ಳೆಯ ಫೋನ್ ತೆಗೆದುಕೊಂಡು, ಕ್ಯಾಮೆರಾವನ್ನು ಅದರ ಚೀಲದ ಸಮೇತ ಟ್ರಂಕಿಗೆ ಹಾಕಿದೆ. ಅಲ್ಲಿಂದ ಆರು ವರ್ಷ ಬರೀ ಫೋನು. ಮೆಣಸಿನಕಾಯಿ ಅಂಗಡಿಗಳವರು ದೂರದ ಗಿರಾಕಿಗಳಿಗೆ ಕಳಿಸಲು ಕಾಯಿಯ ಫೋಟೊ ತೆಗೆಸುತ್ತಾರೆ. ಅದೇ ನನ್ನ ಹೊಟ್ಟೆಪಾಡು. ನನ್ನ ಫೋನು ಕೆಂಪನ್ನು ಇನ್ನಷ್ಟು ಕೆಂಪು ಮಾಡುತ್ತಿತ್ತು. ಫೋಟೊ ನಂಬಿ ಕಾಯಿ ತರಿಸಿದ ಒಬ್ಬರು, 'ಮುಂದಿನ ಸಲ ಚೀಲದಾಗ ಫೋಟೊನ ತುಂಬಿ ಕಳಸ್ರಿ, ಕಾಯಿ ಬ್ಯಾಡ' ಎಂದು ಅಂಗಡಿಯವರಿಗೆ ಹೇಳಿದರಂತೆ.

ಆರು ವರ್ಷದಲ್ಲಿ ಬೇಸರ ಬಂದಿತ್ತು. ದಿನಕ್ಕೆ ಇನ್ನೂರು ಫೋಟೊ ತೆಗೆಯುವುದು, ರಾತ್ರಿ ಜಾಗ ಸಾಲದೆಂದು ಇನ್ನೂರು ಅಳಿಸುವುದು. ಮೇಲೆತ್ತಿ ಹಿಡಿದು ಹಿಡಿದು ಬಲಗೈಯ ಹೆಬ್ಬೆರಳು ನೋಯುತ್ತಿತ್ತು. ಏನನ್ನು ನೋಡಿದರೂ ನೋಡಿದ ಹಾಗೆ ಅನಿಸುತ್ತಿರಲಿಲ್ಲ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಆ ದಿನ ನಾನು ಗಟ್ಟಿ ಮನಸ್ಸಿನಿಂದ ಹೋದವನಲ್ಲ, ದಣಿದು ಹೋದವನು. ದಣಿದವನ ಸಾಕ್ಷಿಯನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು.

ನನ್ನ ಸೋದರಮಾವ ಇರುವುದು ರಾಣೇಬೆನ್ನೂರಿನ ಹತ್ತಿರದ ಹಲಗೇರಿಯಲ್ಲಿ. ಅವನ ಹತ್ತಿರ ಒಂದು ಹೋರಿ ಇದೆ. ನಮ್ಮ ಕಡೆ ದೀಪಾವಳಿ ಬಂತೆಂದರೆ ಹೋರಿಗಳಿಗೆ ಕೊಬ್ಬರಿ ಹಾರ ಕಟ್ಟಿ, ಕೋಡಿಗೆ ಬಲೂನು ಕಟ್ಟಿ, ಜನರ ನಡುವೆ ಓಡಲು ಬಿಡುತ್ತಾರೆ. ಕೊರಳಿನ ಕೊಬ್ಬರಿಯನ್ನು ಯಾರೂ ಕಿತ್ತುಕೊಳ್ಳಲಾಗದಂತೆ ಓಡಿದ ಹೋರಿಗೆ ಆ ವರ್ಷ ಹೆಸರು. ಮಾಮಾನ ಹೋರಿಗೆ ಬ್ಯಾನರಿನ ಮೇಲೆ 'ಹಲಗೇರಿ ಸುಂಟರಗಾಳಿ' ಎಂಬ ಬಿರುದು. ಮನೆಯಲ್ಲಿ ಮಾತ್ರ ತಮ್ಮಣ್ಣ. ಹತ್ತು ವರ್ಷ ಓಡಿದ ಅದನ್ನು ನೂರಾರು ಜನ ಫೋನಿನಲ್ಲಿ ಹಿಡಿದಿದ್ದರು, ನಾನೂ ಹಿಡಿದಿದ್ದೆ. ಒಂದರಲ್ಲೂ ತಮ್ಮಣ್ಣ ನೆಟ್ಟಗೆ ಇರಲಿಲ್ಲ. ಧೂಳು, ಯಾರದೋ ತಲೆ, ಮೇಲೆತ್ತಿದ ಬೇರೆಯವರ ಫೋನುಗಳು, ಅವುಗಳ ನಡುವೆ ಒಂದು ಬಾಲ.

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ಹದಿನೈದು ದಿನಕ್ಕೆ ಮಾಮಾ ಫೋನ್ ಮಾಡಿದ. ತಮ್ಮಣ್ಣನ ಹಿಂಗಾಲು ಬಾತಿತ್ತು. ದನದ ಡಾಕ್ಟರು ಇನ್ನು ಜನರ ನಡುವೆ ಓಡಿಸಬೇಡಿ ಎಂದಿದ್ದರು. ಬೇಕಿದ್ದರೆ ಹೊಲದಲ್ಲಿ ತನ್ನಷ್ಟಕ್ಕೆ ಒಂದು ಸಲ ಓಡಲಿ, ಅಷ್ಟಕ್ಕೆ ಸಾಕು ಮಾಡಿ ಎಂದೂ ಹೇಳಿದ್ದರು. ಅದಕ್ಕಿಂತ ದೊಡ್ಡ ಸಂಗತಿಯನ್ನು ಮಾಮಾ ಕೊನೆಗೆ, ಏನೂ ಅಲ್ಲವೆಂಬಂತೆ ಹೇಳಿದ. ಸಕ್ಕರೆ ಕಾಯಿಲೆ ಅವನ ಒಂದು ಕಣ್ಣನ್ನು ಆಗಲೇ ತಿಂದಿತ್ತು. ಇನ್ನೊಂದು ಎಷ್ಟು ದಿನವೋ ಹೇಳಲಾಗದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು.

'ಅಳಿಯಾ, ನೀ ಕಳಿಸಿದ ಫೋಟೊ ದೊಡ್ಡದು ಮಾಡಿದ್ರ ತಮ್ಮಣ್ಣ ಕಾಣಂಗಿಲ್ಲೋ, ಬರೇ ಚೌಕಳಿ ಕಾಣ್ತಾವ. ನಿನ್ನ ಕಡೆ ಆ ದೊಡ್ಡ ಕ್ಯಾಮೆರಾ ಐತೆಲ್ಲ, ತಗೊಂಡು ಬಾ. ಗ್ವಾಡಿ ತುಂಬ ಹಾಕಸ್ತೀನಿ. ಮೂಗು ತಾಗೂವಷ್ಟು ಹತ್ರ ನಿಂತು ನೋಡಿದ್ರ ನನಗಿನ್ನೂ ಕಾಣ್ತೈತಿ. ಲಗೂನ ಬಾ.'

'ನಾಳೀಕ ಬರ್ತೀನಿ ಮಾಮಾ' ಎಂದೆ.

ಅಂದು ಸಂಜೆ ಟ್ರಂಕು ತೆಗೆದೆ. ಹುಳು ಬೀಳಬಾರದೆಂದು ನಮ್ಮವ್ವ ಕ್ಯಾಮೆರಾದ ಚೀಲದೊಳಗೆ ಒಂದು ಹಿಡಿ ಒಣ ಮೆಣಸಿನಕಾಯಿ ಹಾಕಿಟ್ಟಿದ್ದಳು. ಹುಳು ಬಿದ್ದಿರಲಿಲ್ಲ. ಆದರೆ ಕಾಯಿ ಆರು ವರ್ಷದಲ್ಲಿ ಪುಡಿಯಾಗಿ ಕ್ಯಾಮೆರಾದ ಸಂದುಗೊಂದಿನಲ್ಲೆಲ್ಲ ಸೇರಿಕೊಂಡಿತ್ತು. ಹನ್ನೊಂದು ಸೀನು ಸೀನಿ ಒರೆಸಿದೆ. ಬ್ಯಾಟರಿ ಊದಿಕೊಂಡು ಸತ್ತಿತ್ತು. ಮರುದಿನ ದಾರಿಯಲ್ಲಿ ಕೊಂಡರಾಯಿತು ಎಂದುಕೊಂಡೆ. ಕ್ಯಾಮೆರಾದೊಳಗಿದ್ದ ಮೆಮೊರಿ ಕಾರ್ಡ್ ತೆಗೆದು, ಕಂಪ್ಯೂಟರಿಗೆ ಸಿಕ್ಕಿಸಿದ್ದ ಕಾರ್ಡ್ ರೀಡರಿನಲ್ಲಿ ಹಾಕಿ ನೋಡಿದೆ. ಯಾರದೋ ಮದುವೆಯ ಊಟದ ಪಂಕ್ತಿ ತುಂಬಿತ್ತು. ಈಗ ಮಕ್ಕಳೊಂದಿಗರಾಗಿರುವ ಅವರ ಊಟವನ್ನು ನಾನೇಕೆ ಕಾಯಬೇಕೆಂದು ಪೂರ್ತಿ ಅಳಿಸಿ ಖಾಲಿ ಮಾಡಿದೆ. ಕಂಪ್ಯೂಟರ್ ಬಂದ್ ಮಾಡಿದೆ. ಮಲಗಿದೆ.

ಈ ಕೊನೆಯ ಮೂರು ಮಾತುಗಳ ನಡುವೆ ಒಂದು ಕೆಲಸ ಬಿಟ್ಟುಹೋಗಿದೆ. ಗಮನಿಸಿದವರು ಕ್ಯಾಮೆರಾ ಹಿಡಿದವರು. ಗಮನಿಸದವರು ನನ್ನ ಹಾಗೆ ಫೋನಿನವರು.

ಬೆಳಗ್ಗೆ ಬೈಕು ಹತ್ತಿದೆ. ಕದರಮಂಡಲಗಿಯಲ್ಲಿ ಆಂಜನೇಯನಿಗೆ ಬೈಕಿನ ಮೇಲಿಂದಲೇ ಕೈ ಮುಗಿದು ರಸ್ತೆಯ ಹಂಪು ನೋಡದೆ ಹಾರಿದೆ. ರಾಣೇಬೆನ್ನೂರಿನಲ್ಲಿ ಬ್ಯಾಟರಿ ಕೊಂಡು, ಅಂಗಡಿಯಲ್ಲಿ ಹಾಕಿ ನೋಡುವಷ್ಟೂ ವ್ಯವಧಾನವಿಲ್ಲದೆ ಜೇಬಿಗಿಳಿಸಿದೆ. ಹಲಗೇರಿಯ ಹೊಲ ಮುಟ್ಟಿದಾಗ ಹತ್ತು ಗಂಟೆಯ ಹತ್ತಿರ. ಗೋವಿನಜೋಳ ಕೊಯ್ದ ಹೊಲವದು, ಬಟಾಬಯಲು. ಎದುರಿನ ಅಂಚಿಗೆ ಜಾಲಿಮುಳ್ಳಿನ ಬೇಲಿ. ಅಲ್ಲಿದ್ದವರು ಮೂವರೇ: ಮಾಮಾ, ಹಗ್ಗ ಹಿಡಿದ ಪಕ್ಕದ ಹೊಲದ ಫಕ್ಕೀರಪ್ಪ, ಮತ್ತು ತಮ್ಮಣ್ಣ. ಬರೀ ಫೋಟೊಕ್ಕಾಗಿಯಾದರೂ ಮಾಮಾ ಹೋರಿಗೆ ಪೂರಾ ಶೃಂಗಾರ ಮಾಡಿಸಿದ್ದ. ಬೆನ್ನಿಗೆ ಝೂಲ, ಕೋಡಿಗೆ ಬಲೂನು, ಕೊರಳಿಗೆ ಸಾಲುಸಾಲು ಕೊಬ್ಬರಿ ಬಟ್ಟಲು.

'ಇಲ್ಲಿ ಕೊಬ್ಬರಿ ಕಿತ್ಕೊಳ್ಳಾಕ ಯಾರದಾರ ಮಾಮಾ?' ಎಂದು ನಕ್ಕೆ.

'ಕೊಬ್ಬರಿ ಕಟ್ಟದ ಓಡಂದ್ರ ಅದು ಓಡಂಗಿಲ್ಲ. ನೀ ಪ್ಯಾಂಟ್ ಹಾಕ್ಕೊಳ್ಳದ ಮದುವಿಗೆ ಹೊಕ್ಕೀ ಏನು?'

ಹೊಸ ಬ್ಯಾಟರಿ ಹಾಕಿದೆ. ಪರದೆಯಲ್ಲಿ ತಾರೀಖು, ಗಂಟೆ ತುಂಬು ಎಂದು ಕೇಳಿತು. ಇಷ್ಟು ವರ್ಷ ಸತ್ತು ಮಲಗಿದ್ದ ಕ್ಯಾಮೆರಾದ ಗಡಿಯಾರ ಹಿಂದಕ್ಕೆ ಹೋಗಿ, ಯಾವುದೋ ಹಳೆಯ ವರ್ಷದ ಜನವರಿ ಒಂದು, ಸೊನ್ನೆ ಗಂಟೆ ತೋರಿಸುತ್ತಿತ್ತು. ಯಾರಿಗೆ ಬೇಕೆಂದು 'ಓಕೆ' ಒತ್ತಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಕ್ಯಾಮೆರಾವನ್ನು ಫೋನಿನಂತೆ ಮುಂದಕ್ಕೆ ಚಾಚಿ ಹಿಡಿದು ಪರದೆಯ ಮೇಲೆ ತಮ್ಮಣ್ಣನ ಮುಖ ಬರಬೇಕಾದ ಕಡೆ ಬೆರಳಿನಿಂದ ಒತ್ತಿದೆ. ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಲು ನೋಡಿದೆ. ಒಂದಿಷ್ಟು ಫೋಟೊ ಬರೀ ಕತ್ತಲೆ ಬಂದವು.

'ತಮ್ಮಾ, ಅದರ ಟೊಪ್ಪಿಗಿ ತಗೀರಿ. ಅದಕ್ಕೂ ಕಾಣಬೇಕಲ್ಲ' ಎಂದ ಫಕ್ಕೀರಪ್ಪ. ಲೆನ್ಸಿನ ಮುಚ್ಚಳ ಹಾಗೇ ಇತ್ತು.

ಮುಚ್ಚಳ ತೆಗೆದ ಮೇಲೆ ನಿಂತ ಹೋರಿಯ ಫೋಟೊಗಳು ಚೆನ್ನಾಗಿಯೇ ಬಂದವು. ತೆಗೆದ ಕೂಡಲೇ ಪರದೆಯ ಮೇಲೆ ಒಂದು ಕ್ಷಣ ಚಿತ್ರ ಕಾಣುತ್ತಿತ್ತು, ಹೋಗುತ್ತಿತ್ತು. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಏನೋ ಮಿನುಗುತ್ತಿತ್ತು. ಫೋನಿನಲ್ಲಿ ದಿನಕ್ಕೆ ನೂರು ಸೂಚನೆ ಬರುತ್ತವೆ, ಯಾರು ಓದುತ್ತಾರೆ? ನಾನೂ ಓದಲಿಲ್ಲ. ಮಾಮಾ ಮಾತ್ರ ಮತ್ತೆ ಮತ್ತೆ ಕೇಳುತ್ತಿದ್ದ: 'ನಾಲ್ಕೂ ಕಾಲು ನೆಲ ಬಿಟ್ಟಿರ್ತಾವಲ್ಲ, ಅದು ಬರ್ಬೇಕು. ನಿಂತಿದ್ದು ಬ್ಯಾಡ. ಅದು ನಿಂತಿದ್ದನ್ನ ದಿನಾ ನೋಡ್ತೀನಿ.'

ಬ್ಯಾಟರಿ ಹಾಕಿ ಮುಕ್ಕಾಲು ಗಂಟೆಯಾದ ಹೊತ್ತಿಗೆ ಫಕ್ಕೀರಪ್ಪ ಹಗ್ಗ ಬಿಟ್ಟ. ಓಟ ಒಂದೇ. ಇನ್ನೊಂದು ಸಲ ಎನ್ನುವಂತಿರಲಿಲ್ಲ. ನಾನು ಕೊನೆಗೂ ಬುದ್ಧಿ ಬಂದು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿ ಹಿಡಿದೆ. ಕಣ್ಣಿಡುವ ಕಿಂಡಿಯ ರಬ್ಬರಿನಲ್ಲಿ ಕೂತಿದ್ದ ಮೆಣಸಿನಪುಡಿ ನೆಟ್ಟಗೆ ಕಣ್ಣಿಗೆ ಹೋಯಿತು. ಬ್ಯಾಡಗಿಯಲ್ಲಿ ಹುಟ್ಟಿ ಮೆಣಸಿನಕಾಯಿಗೆ ಅಳುವುದೆಂದರೆ ಊರಿಗೇ ಅವಮಾನ. ಆದರೂ ಅತ್ತೆ. ಧಾರಾಕಾರ ಅಳುತ್ತ, ಬೆರಳನ್ನು ಗುಂಡಿಯಿಂದ ತೆಗೆಯದೆ ಒತ್ತಿ ಹಿಡಿದೆ. ಕ್ಯಾಮೆರಾ ಟಕ ಟಕ ಎನ್ನುತ್ತಿತ್ತು. ತಮ್ಮಣ್ಣ ನನ್ನ ಮುಂದೆ ಅಡ್ಡಲಾಗಿ ಹಾದುಹೋದದ್ದು ನೆಲ ಅದುರಿದ್ದರಿಂದ ಗೊತ್ತಾಯಿತೇ ಹೊರತು ಕಣ್ಣಿನಿಂದಲ್ಲ.

ಆಗ ಎದುರಿನಿಂದ, ಬೇಲಿಯ ಕಡೆಯಿಂದ, ಒಂದೇ ಒಂದು 'ಟಕ್' ಕೇಳಿದಂತಾಯಿತು. ನಾನು ಅದಕ್ಕೆ ಕಿವಿಗೊಡಲಿಲ್ಲ. ಕಿವಿಗೊಟ್ಟವನು ಮಾಮಾ. ಕಣ್ಣು ಹೋದಷ್ಟೂ ಅವನ ಕಿವಿ ಚುರುಕಾಗಿತ್ತು.

'ಆ ಕಡೆ ಯಾರದಾರ?'

'ಯಾರೂ ಇಲ್ಲರಿ ಯಜಮಾನ್ರ, ಬೇಲಿ ಐತಿ' ಎಂದ ಫಕ್ಕೀರಪ್ಪ, ಹೋರಿಯ ಹಿಂದೆಯೇ ಓಡಿ ಆಚೆ ತುದಿಯಲ್ಲಿ ಹಗ್ಗ ಹಿಡಿಯುತ್ತ.

ತಮ್ಮಣ್ಣ ಕುಂಟುತ್ತ ಬಂದು ಮಲಗಿಬಿಟ್ಟಿತು. ಮಾಮಾ ಅದರ ಪಕ್ಕ ಕೂತು ಕಾಲು ನೀವುತ್ತ, 'ಬಂತೇನೋ?' ಎಂದ. ನಾನು ಕಣ್ಣೊರೆಸಿಕೊಂಡು, 'ಭಾರಿ ಬಂತು ಮಾಮಾ' ಎಂದೆ. ನೋಡದೆಯೇ ಹೇಳಿದೆ. ಅವನು ಆ ಮಾತಿಗೆ ಎಷ್ಟು ಖುಷಿಪಟ್ಟನೆಂದರೆ, ಹೋರಿಯ ಕೊರಳಿನ ಒಂದು ಕೊಬ್ಬರಿ ಬಟ್ಟಲು ಕಿತ್ತು ನನ್ನ ಕೈಗಿಟ್ಟ. ಅಖಾಡದಲ್ಲಿ ಅದನ್ನು ಗೆದ್ದವರಷ್ಟೇ ತಿನ್ನುವುದು.

ಮಧ್ಯಾಹ್ನ ಎರಡಕ್ಕೆ ಬ್ಯಾಡಗಿಯ ಮನೆಗೆ ಬಂದೆ. ಕೊಬ್ಬರಿ ಕಡಿಯುತ್ತಲೇ ಕ್ಯಾಮೆರಾದ ಪಕ್ಕದ ಪುಟ್ಟ ಬಾಗಿಲು ತೆರೆದೆ. ಒಳಗೆ ಏನೂ ಇರಲಿಲ್ಲ. ಮೊದಲಿಗೆ ನನಗೆ ಅರ್ಥವೇ ಆಗಲಿಲ್ಲ. ಬೆರಳು ಹಾಕಿ ತಡಕಿದೆ. ಆಮೇಲೆ ಕಂಪ್ಯೂಟರಿನ ಕಡೆ ನೋಡಿದೆ. ಕಾರ್ಡ್ ಹಿಂದಿನ ರಾತ್ರಿ ಸಿಕ್ಕಿಸಿದಲ್ಲೇ, ರೀಡರಿನಲ್ಲೇ ಇತ್ತು. ಆರು ವರ್ಷ ಫೋನು ಬಳಸಿದವನಿಗೆ ಫೋಟೊ ಕೂರುವುದಕ್ಕೆ ಬೇರೊಂದು ಜಾಗ ಬೇಕೆಂಬುದೇ ಮರೆತಿತ್ತು. ನಾನು ಇಡೀ ಬೆಳಗು ಖಾಲಿ ಡಬ್ಬಿ ಹಿಡಿದು ಟಕ ಟಕ ಅನ್ನಿಸಿದ್ದೆ. ಪರದೆಯ ಕೆಂಪು ಅಕ್ಷರ ಅದನ್ನೇ ಹೇಳುತ್ತಿತ್ತು.

ನೆಲದ ಮೇಲೆ ಕೂತೆ. ಕಡಿದು ಉಳಿದ ಕೊಬ್ಬರಿಯನ್ನು ಕ್ಯಾಮೆರಾದ ಪಕ್ಕಕ್ಕಿಟ್ಟೆ. ಏನೇನು ಸುಳ್ಳು ಹೇಳಬಹುದೆಂದು ಲೆಕ್ಕ ಹಾಕಿದೆ. ಕಾರ್ಡ್ ಕಳೆಯಿತು ಎನ್ನಲೇ, ಕ್ಯಾಮೆರಾ ಕೆಟ್ಟಿತು ಎನ್ನಲೇ? ಯಾವುದನ್ನು ಹೇಳಿದರೂ ತಮ್ಮಣ್ಣ ಮತ್ತೆ ಓಡುವುದಿಲ್ಲ, ಮಾಮಾನ ಕಣ್ಣು ಕಾಯುವುದಿಲ್ಲ.

ಸುಮ್ಮನೆ ಕಂಪ್ಯೂಟರ್ ಹಚ್ಚಿದೆ. ಕಾರ್ಡಿನಲ್ಲಿ ಒಂದು ಫೋಟೊ ಇತ್ತು.

ಒಂದೇ ಒಂದು. ತೆರೆದೆ. ತಮ್ಮಣ್ಣ ಗಾಳಿಯಲ್ಲಿತ್ತು. ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಕೊಬ್ಬರಿ ಬಟ್ಟಲುಗಳು ಹಾರದ ಸುತ್ತ ಎದ್ದು ನಿಂತಿದ್ದವು, ಒಂದೊಂದರ ಅಂಚೂ ಬೇರೆಬೇರೆ ಕಾಣುತ್ತಿತ್ತು. ಹಿಂದೆ, ಬಲಗಡೆಯ ಮೂಲೆಯಲ್ಲಿ, ಒಬ್ಬ ಕ್ಯಾಮೆರಾ ಕಣ್ಣಿಗೊತ್ತಿ, ನಾಲಿಗೆ ಹೊರಗೆ ಹಾಕಿಕೊಂಡು ನಿಂತಿದ್ದ. ಕೆಲಸ ಮಾಡುವಾಗ ನಾಲಿಗೆ ಹೊರಗೆ ಹಾಕುವುದು ನನ್ನ ಚಟ. ಅವನ ಟೀ ಶರ್ಟಿನ ಹೊಲಿಗೆಯೆಲ್ಲ ಹೊರಗೆ ಕಾಣುತ್ತಿತ್ತು. ಬಗ್ಗಿ ನನ್ನ ಮೈ ನೋಡಿಕೊಂಡೆ. ಬೆಳಗಿನಿಂದ ನಾನು ಅಂಗಿ ತಿರುಗುಮುರುಗು ಹಾಕಿಕೊಂಡು ಎರಡು ತಾಲೂಕು ತಿರುಗಿ ಬಂದಿದ್ದೆ. ಒಬ್ಬರೂ ಹೇಳಿರಲಿಲ್ಲ. ಹೇಳಿದ್ದು ಆ ಫೋಟೊ.

ಅದನ್ನು ತೆಗೆದ ಸಮಯ ನೋಡಿದೆ. ಹಳೆಯ ವರ್ಷದ ಜನವರಿ ಒಂದು, ಸೊನ್ನೆ ಗಂಟೆ ನಲವತ್ತೇಳು ನಿಮಿಷ. ಬ್ಯಾಟರಿ ಹಾಕಿದ ಮೇಲೆ ಮುಕ್ಕಾಲು ಗಂಟೆಗೆ ಫಕ್ಕೀರಪ್ಪ ಹಗ್ಗ ಬಿಟ್ಟದ್ದು. ಆ ತಪ್ಪು ಗಡಿಯಾರ ಇದ್ದದ್ದು ಹಲಗೇರಿಯ ಹೊಲದಲ್ಲಿ, ನನ್ನ ಕೈಯ ಕ್ಯಾಮೆರಾದಲ್ಲಿ. ಕಾರ್ಡ್ ಇದ್ದದ್ದು ಇಲ್ಲಿ, ಬಂದ್ ಮಾಡಿದ ಕಂಪ್ಯೂಟರಿನಲ್ಲಿ.

'ಅವ್ವಾ, ಯಾರರ ಬಂದಿದ್ರೇನು? ಕಂಪ್ಯೂಟರ್ ಮುಟ್ಟಿದ್ರೇನು?'

'ಯಾರು ಬರ್ತಾರ? ಕರೆಂಟ್ ಸೈತ ಇರಲಿಲ್ಲ ಹನ್ನೆರಡರ ಮಟ. ಯಾಕ, ಮಾರಿ ಹಿಂಗ್ಯಾಕ ಮಾಡೀದಿ? ಮೊದಲ ಅಂಗಿ ನೆಟ್ಟಗ ಹಾಕ್ಕೋ.'

ಎಂಟು ದಿನ ನಾನು ಅದನ್ನು ಬಿಡಿಸಲು ನೋಡಿದೆ. ಕಾರ್ಡ್ ಇಲ್ಲದೆ ಇಡೀ ಓಣಿಯ ಫೋಟೊ ತೆಗೆದು ಬಂದು, ಕಾರ್ಡ್ ನೋಡಿದೆ, ಖಾಲಿ. ಮತ್ತೆ ಹಲಗೇರಿಗೆ ಹೋಗಿ ಆ ಫೋಟೊ ತೆಗೆಯಲು ಎಲ್ಲಿ ನಿಲ್ಲಬೇಕೆಂದು ಹುಡುಕಿದೆ. ಬೇಲಿಯ ಒಳಗೇ ನಿಲ್ಲಬೇಕು, ಜಾಲಿಮುಳ್ಳಿನ ನಟ್ಟನಡುವೆ. ಹೊಕ್ಕು ನೋಡಿದೆ. ಪ್ಯಾಂಟು ಹರಿಯಿತು. ಹೊರಗೆ ಬರಲು ಫಕ್ಕೀರಪ್ಪನನ್ನು ಕರೆಯಬೇಕಾಯಿತು. ಅವನ ಹತ್ತಿರ ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಕ್ಯಾಮೆರಾ ಇಲ್ಲ. ಅದನ್ನೂ ಇಸಿದುಕೊಂಡು ತಿರುಗಿಸಿ ನೋಡಿದೆ. ಅವನು ನನ್ನನ್ನು ಒಂಥರಾ ನೋಡಿದ.

ಹಾವೇರಿಯಲ್ಲಿ ಗೋಡೆಯಷ್ಟು ದೊಡ್ಡದು ಮಾಡಿಸಲು ಕೊಟ್ಟೆ. ಲ್ಯಾಬಿನವರು ಪರದೆಯ ಮೇಲೆ ತೆರೆದು, ಬಹಳ ಹೊತ್ತು ನೋಡಿ ಕೇಳಿದರು: 'ಮೂಲ್ಯಾಗ ನಿಂತಾವ್ರು ನೀವ ಅಲ್ರಿ? ಹಂಗಾರ ಇದನ್ನ ತೆಗೆದಾವ್ರು ಯಾರು? ಕೈ ಭಾಳ ಚಲೋ ಐತಿ ಬಿಡ್ರಿ.'

ಭಯದ ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಎಂಟು ವರ್ಷದಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ.

ಫೋಟೊ ಹಲಗೇರಿಯ ಪಡಸಾಲೆಯ ಗೋಡೆಗೆ ಏರಿತು. ಮಾಮಾ ನಿಜಕ್ಕೂ ಮೂಗು ತಾಗುವಷ್ಟು ಹತ್ತಿರ ನಿಂತ. ಕೋಡಿನಿಂದ ಶುರು ಮಾಡಿ, ಕೊರಳು, ಬೆನ್ನು, ಬಾತ ಹಿಂಗಾಲು, ಗೊರಸಿನ ಕೆಳಗಿನ ಬರಿಗಾಳಿ, ಎಲ್ಲವನ್ನೂ ಒಂದೊಂದು ಗೇಣಾಗಿ ನೋಡಿದ. ನೋಡುತ್ತ ನೋಡುತ್ತ ಬಲಗಡೆಯ ಮೂಲೆಗೆ ಬಂದ. ಅಲ್ಲಿ ನಿಂತ.

'ಇವನ್ಯಾರು, ನಾಲಿಗಿ ಹೊರಗ ಹಾಕ್ಯಾನ?'

'ನಾನ ಮಾಮಾ.'

'ನೀ ಫೋಟೊ ತೆಗೀತಿದ್ದಿ. ಫೋಟೊದಾಗ ಹ್ಯಾಂಗ ಬಂದಿ?'

ಜೀವನದಲ್ಲಿ ಮೊದಲ ಸಲ ಚೇಷ್ಟೆಯನ್ನು ಪಕ್ಕಕ್ಕಿಟ್ಟೆ. ಕಾರ್ಡಿನ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಅವನು ಫೋಟೊದಿಂದ ಮುಖ ತೆಗೆಯದೆ ಕೇಳಿದ. 'ಬೇಲಿ ಕಡೆ ಟಕ್ ಅಂದಿತ್ತಲ್ಲ' ಎಂದನಷ್ಟೇ. ಮತ್ತೆ ತಮ್ಮಣ್ಣನ ಕೋಡಿನಿಂದ ನೋಡಲು ಶುರು ಮಾಡಿದ. ಐದು ತಿಂಗಳು, ದಿನಾ ಬೆಳಗ್ಗೆ ಬೆಳಕು ಬೀಳುವ ಹೊತ್ತಿಗೆ, ಹಾಗೆ ನೋಡುತ್ತಿದ್ದನೆಂದು ಅತ್ತೆ ಹೇಳಿದಳು. ಆಮೇಲೆ ಕಾಣುವುದು ನಿಂತಿತು.

ನಾನು ಈಗಲೂ ಕ್ಯಾಮೆರಾದಲ್ಲೇ ಫೋಟೊ ತೆಗೆಯುತ್ತೇನೆ. ಮೊದಲು ಬಾಗಿಲು ತೆರೆದು ಕಾರ್ಡ್ ಇದೆಯೋ ನೋಡುತ್ತೇನೆ. ಓಣಿಯಲ್ಲಿ ಯಾರಾದರೂ ದೆವ್ವದ ಮಾತು ತೆಗೆದರೆ ಸುಮ್ಮನೆ ಕೇಳುತ್ತೇನೆ. ನನ್ನ ಚಹಾ ನಾನೇ ಕೊಂಡು ಕುಡಿಯುತ್ತೇನೆ.

ಮೊನ್ನೆ ಹಲಗೇರಿಗೆ ಹೋದಾಗ ಯಾರೋ ನೆಂಟರು ಬಂದಿದ್ದರು. ಫೋಟೊ ನೋಡಿ, ಯಾರು ತೆಗೆದದ್ದು ಎಂದು ಕೇಳಿದರು. ಮಾಮಾ ಕೂತಲ್ಲಿಂದಲೇ, ಫೋಟೊದ ಬಲಮೂಲೆಗೆ ಒಂದಿಷ್ಟೂ ತಪ್ಪದೆ ಕೈ ತೋರಿಸಿದ.

'ನನ್ನ ಅಳಿಯ ರೀ. ಅಲ್ಲಿ ಮೂಲ್ಯಾಗ ನಾಲಿಗಿ ಹಾಕ್ಕೊಂಡು ನಿಂತಾನ ನೋಡ್ರಿ, ಅವನ ತೆಗೆದಾವ.'

ನೆಂಟರು ಮೂಲೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಮೂಲೆ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಎದ್ದು, ತಮ್ಮಣ್ಣನಿಗೆ ನೀರಿಟ್ಟಿದ್ದಾರೋ ನೋಡಿ ಬರುತ್ತೇನೆಂದು ಹಿತ್ತಲಿಗೆ ಹೋದೆ.